ಅಖಾಡದಿಂದ ಇಳಿದ ಮೇಲೆ

ವಿಜಯಪುರ ಜಿಲ್ಲೆಯ ನಕಾಶೆಯನ್ನು ಮುಂದೆ ಹರಡಿಕೊಂಡು ನೋಡಿದರೆ ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ಹೊಳೆ ಕಾಣುತ್ತವೆ. ಈ ಮೂರು ನೀರುಗಳ ಆಸುಪಾಸಿನ ಎರೆಭೂಮಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳಿವೆ. ಇವುಗಳ ಒಡಲಿನಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿಯಂಥ ಹೊಸ ತಾಲ್ಲೂಕುಗಳು ಹುಟ್ಟಿದ್ದರೂ ಜನರ ಬಾಯಲ್ಲಿ ಹಳೆಯ ನಾಲ್ಕು ಹೆಸರುಗಳ ಗತ್ತು ಇಳಿದಿಲ್ಲ. ಬಿಳಿಜೋಳ, ಕಡಲೆ, ತೊಗರಿಗೆ ಹೆಸರಾದ ಈ ನೆಲ ಇನ್ನೊಂದು ಬೆಳೆಗೂ ಹೆಸರುವಾಸಿ. ಅದು ಮೈಕಟ್ಟು.

ಜಾತ್ರೆ ಬಂತೆಂದರೆ ಊರ ಹೊರಗಿನ ಬಯಲಿನಲ್ಲಿ ಮಣ್ಣು ಹದಗೊಂಡು ಕುಸ್ತಿಯ ಕಣ ಸಿದ್ಧವಾಗುತ್ತದೆ. ಹಲಗಿಯ ಸದ್ದು ಏರಿದಂತೆ ಸುತ್ತ ನೆರೆದ ಜನ ತುದಿಗಾಲ ಮೇಲೆ ನಿಲ್ಲುತ್ತಾರೆ. ಒಂದು ಕಡೆ ಸಂಗ್ರಾಣಿ ಕಲ್ಲು ಎತ್ತುವವರ ಸಾಹಸ, ಇನ್ನೊಂದು ಕಡೆ ಭಾರದ ಚೀಲ ಎತ್ತುವವರ ಪಣ. ಗೆದ್ದವನ ಕೈಗೆ ಬೆಳ್ಳಿಯ ಕಡಗ, ಹೆಗಲ ಮೇಲೆ ಮೆರವಣಿಗೆ. ಆದರೆ ಮೈಗೆ ವಯಸ್ಸಿದೆ. ಹದಿನೆಂಟಕ್ಕೆ ಕಣಕ್ಕಿಳಿದ ಪೈಲ್ವಾನ ಮೂವತ್ತೈದು ದಾಟುವ ಹೊತ್ತಿಗೆ ಕಣದ ಅಂಚಿಗೆ ಬಂದು ಕುಳಿತಿರುತ್ತಾನೆ. ಆಮೇಲೆ?

ಆಮೇಲೆ ಅವನನ್ನು ಕೇಳಿಕೊಂಡು ಬರುವವರೇ ಬೇರೆ. ತಾಯಿಯ ಕಂಕುಳಲ್ಲಿ ಅಳುವ ಕೂಸು, ಟವೆಲಿನ ಜೋಳಿಗೆಯಲ್ಲಿ ತೂಗುಬಿಟ್ಟ ಪುಟ್ಟ ಕೈ, ಕುಂಟುತ್ತ ಬರುವ ಶಾಲೆಯ ಹುಡುಗ. 'ವಸ್ತಾದರs, ಸ್ವಲ್ಪ ನೋಡ್ರಿ' ಎಂಬ ಒಂದು ಮಾತಿನಿಂದ ಕುಸ್ತಿ ಬಿಟ್ಟವನ ಎರಡನೆಯ ಕಸುಬು ಆರಂಭವಾಗುತ್ತದೆ. ಪರದೇಶದಲ್ಲಿ ನಿವೃತ್ತ ಫುಟ್‌ಬಾಲ್ ಆಟಗಾರನೊಬ್ಬ ಮಕ್ಕಳ ಚಿಕಿತ್ಸೆಗೆ ತೊಡಗಿಕೊಂಡರೆ ಅದು ಸುದ್ದಿ. ಈ ಸೀಮೆಯಲ್ಲಿ ಅದು ತಲೆಮಾರುಗಳ ರೂಢಿ. ಆ ರೂಢಿಯ ಬಲವೆಲ್ಲಿದೆ, ಅಪಾಯವೆಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಅರಿತಿರುವುದು ಅಗತ್ಯ. ಏಕೆಂದರೆ ಇಲ್ಲಿ ಪಣಕ್ಕಿಟ್ಟಿರುವುದು ಬೆಳೆಯುವ ಮಗುವಿನ ಕೈಕಾಲು.

ಇಂಡಿ: ಲಿಂಬೆ ಬೆರೆತ ಮಣ್ಣು

ಭೀಮೆಯ ಕಡೆಯಿಂದ ಪ್ರಯಾಣ ಆರಂಭಿಸಿದರೆ ಮೊದಲು ಸಿಗುವುದು ಇಂಡಿ. ಬಿರುಬಿಸಿಲಿನ ನಡುವೆ ಹಸಿರಾಗಿ ನಿಂತ ಲಿಂಬೆ ತೋಟಗಳು ಈ ತಾಲ್ಲೂಕಿನ ಗುರುತು. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಉಪ್ಪಿನಕಾಯಿ, ಪಾನಕಗಳಷ್ಟೇ ಅಲ್ಲ, ಗರಡಿ ಮನೆಗೂ ಲಿಂಬೆ ಬೇಕು. ಕೆಮ್ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ, ಲಿಂಬೆರಸ ಬೆರೆಸಿ ಹದಗೊಳಿಸುವುದು ಗರಡಿಗಳ ಹಳೆಯ ಪದ್ಧತಿ. ಬಿದ್ದವನಿಗೆ ಪೆಟ್ಟಾಗದಷ್ಟು ಮೆದು, ಕಾಲು ಜಾರದಷ್ಟು ಬಿಗಿ ಇರಬೇಕು ಆ ಮಣ್ಣು.

ಇಂಡಿಯ ಸಮೀಪದಲ್ಲೇ ಸಾಲೋಟಗಿ ಇದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅಲ್ಲೊಂದು ದೊಡ್ಡ ವಿದ್ಯಾಲಯವಿತ್ತೆಂದೂ ದೂರದ ನಾಡುಗಳ ವಿದ್ಯಾರ್ಥಿಗಳು ಉಳಿದುಕೊಂಡು ಓದುತ್ತಿದ್ದರೆಂದೂ ಅಲ್ಲಿಯ ಶಾಸನ ಹೇಳುತ್ತದೆ. ಪುಸ್ತಕದ ವಿದ್ಯೆಗೆ ಸಾಲೋಟಗಿ ಸಾಕ್ಷಿಯಾದರೆ, ಮೈಯ ವಿದ್ಯೆಗೆ ಸಾಕ್ಷಿ ಬೇಕಾದವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವನ್ನು ನೋಡಬಹುದು. 12ನೆಯ ಶತಮಾನದ ಈ ಗ್ರಂಥದಲ್ಲಿ ಮಲ್ಲರ ಆಹಾರ, ವ್ಯಾಯಾಮ, ಕಾಳಗಗಳ ವಿವರವೇ ಒಂದು ಭಾಗವಾಗಿದೆ.

ಗರಡಿಯೂ ಒಂದು ಶಾಲೆಯೇ. ದಿನವೂ ಹತ್ತಾರು ಮೈಗಳನ್ನು ಹಿಡಿದು, ತಿರುಚಿ, ಬಿಡಿಸಿಕೊಳ್ಳುವ ಪೈಲ್ವಾನನಿಗೆ ಕೀಲು ಎಷ್ಟು ಬಾಗುತ್ತದೆ, ಎಲ್ಲಿ ತಡೆಯುತ್ತದೆ ಎಂಬುದು ಬೆರಳ ತುದಿಯಲ್ಲಿ ಗೊತ್ತಿರುತ್ತದೆ. ತಾಲೀಮಿನಲ್ಲಿ ಉಳುಕುವುದು, ಭುಜ ಜಾರುವುದು ಸಾಮಾನ್ಯ. ಅದನ್ನು ಸರಿಪಡಿಸುವ ಕೈಚಳಕ ಗುರುವಿನಿಂದ ಶಿಷ್ಯನಿಗೆ ಬರುತ್ತದೆ. ಭಾರ ಹೊತ್ತಂತೆ ಎಲುಬು ಗಟ್ಟಿಯಾಗುತ್ತದೆ ಎಂಬುದನ್ನೂ ಗರಡಿ ಅನುಭವದಿಂದ ಕಂಡುಕೊಂಡಿತ್ತು. ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಪ್ರಕಟಿಸಿದ ನಿಯಮದ ಸಾರವೂ ಇದೇ: ಎಲುಬು ಸತ್ತ ಕಂಬವಲ್ಲ, ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನು ಕಟ್ಟಿಕೊಳ್ಳುವ ಜೀವಂತ ಅಂಗಾಂಶ.

ಸಿಂದಗಿ: ಒಂದು ನಿಮಿಷದ ಪವಾಡ

ಇಂಡಿಯಿಂದ ಬಸ್ಸು ಆಗ್ನೇಯಕ್ಕೆ ಹೊರಳಿದರೆ ಸಿಂದಗಿ. ವಿಜಯಪುರದಿಂದ ಕಲಬುರಗಿಗೆ ಹೋಗುವ ಹೆದ್ದಾರಿಯ ಮೇಲಿನ ಈ ಊರು ಸುತ್ತಲ ಹಳ್ಳಿಗಳಿಗೆಲ್ಲ ಸಂತೆಯ ಪೇಟೆ. ಸಂತೆಗೆ ಬಂದ ತಾಯಿ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮೂರು ವರ್ಷದ ಮಗನನ್ನು ಹಿಡಿದು ಬಸ್ಸು ಹತ್ತುವಾಗ ಅವನ ಕೈಯನ್ನು ಥಟ್ಟನೆ ಮೇಲಕ್ಕೆ ಜಗ್ಗುತ್ತಾಳೆ ಎನ್ನಿ. ಮಗು ಚೀರುತ್ತದೆ. ಆಮೇಲೆ ಆ ಕೈಯನ್ನು ಎತ್ತುವುದೇ ಇಲ್ಲ. ಬಾವಿಲ್ಲ, ಗಾಯವಿಲ್ಲ, ಆದರೆ ಮಿಠಾಯಿ ಕೊಟ್ಟರೂ ಆ ಕೈ ಮುಂದೆ ಬರುವುದಿಲ್ಲ. ವಸ್ತಾದನ ಬಳಿಗೆ ಒಯ್ದರೆ ಅವನು ಮೊಣಕೈ ಹಿಡಿದು ಅಂಗೈಯನ್ನು ತಿರುಗಿಸಿ ಮಡಚುತ್ತಾನೆ. 'ಟಕ್' ಎಂಬ ಸಣ್ಣ ಸದ್ದು. ಸ್ವಲ್ಪ ಹೊತ್ತಿನಲ್ಲಿ ಮಗು ಅದೇ ಕೈಯಿಂದ ಮಿಠಾಯಿ ಹಿಡಿದಿರುತ್ತದೆ. ನೋಡಿದವರಿಗೆ ಇದು ಪವಾಡ!

ಇದು ಪವಾಡವಲ್ಲ, ರಚನೆಯ ಲೆಕ್ಕ. ಮುಂಗೈಯಲ್ಲಿ ಎರಡು ಎಲುಬುಗಳಿವೆ. ಹೆಬ್ಬೆರಳಿನ ಕಡೆಯ ಎಲುಬಿನ ತಲೆಯನ್ನು ಮೊಣಕೈಯಲ್ಲಿ ಬಳೆಯಂಥ ಒಂದು ತಂತುಪಟ್ಟಿ ಹಿಡಿದಿಟ್ಟಿರುತ್ತದೆ. ಐದರೊಳಗಿನ ಮಕ್ಕಳಲ್ಲಿ ಈ ಪಟ್ಟಿ ಸಡಿಲ. ಕೈ ಜಗ್ಗಿದಾಗ ಎಲುಬಿನ ತಲೆ ಅದರೊಳಗಿಂದ ತುಸು ಜಾರಿ, ಪಟ್ಟಿ ಕೀಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಸರಿಯಾಗಿ ತಿರುಗಿಸಿದರೆ ಮರಳಿ ತನ್ನ ಜಾಗಕ್ಕೆ ಕೂರುತ್ತದೆ. ಆಸ್ಪತ್ರೆಯ ವೈದ್ಯರು ಮಾಡುವುದೂ ಇದನ್ನೇ. ಮಗು ಬೆಳೆದಂತೆ ಪಟ್ಟಿ ಬಲಿಯುವುದರಿಂದ ದೊಡ್ಡವರಿಗೆ ಈ ತೊಂದರೆ ಬರುವುದಿಲ್ಲ. ಪಾಲಕರು ಇಲ್ಲಿ ಕಲಿಯಬೇಕಾದ ಪಾಠ ಇನ್ನೂ ಸುಲಭದ್ದು: ಚಿಕ್ಕ ಮಕ್ಕಳನ್ನು ಮುಂಗೈ ಹಿಡಿದು ಎತ್ತಬಾರದು, ತೂಗಾಡಿಸಬಾರದು. ಎತ್ತುವುದಾದರೆ ಕಂಕುಳಿಗೆ ಕೈಹಾಕಿ ಎತ್ತಬೇಕು.

ವಸ್ತಾದನ ಕೀರ್ತಿಯ ದೊಡ್ಡ ಪಾಲು ಇಂಥ ಪ್ರಕರಣಗಳಿಂದ ಬಂದದ್ದು. ಉಳಿದ ಪಾಲು ಉಳುಕಿನದು. ಸಣ್ಣ ಉಳುಕು ವಿಶ್ರಾಂತಿ ಕೊಟ್ಟರೆ ಕೆಲವು ದಿನಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೀರ್ತಿ ಮಾತ್ರ ಎಣ್ಣೆಗೆ, ತಿಕ್ಕಿದ ಕೈಗೆ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕತೆ ಎಲ್ಲರಿಗೂ ಗೊತ್ತಲ್ಲವೇ? ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಕಾರಣವಾಗಲಾರದು. ವಿಜ್ಞಾನದ ವಿದ್ಯಾರ್ಥಿ ಮೊದಲು ಕಲಿಯಬೇಕಾದ ಎಚ್ಚರವಿದು.

ಹಾಗಾದರೆ ಈ ಕೀರ್ತಿಯಿಂದ ಏನು ತೊಂದರೆ? ಮೂರು ವರ್ಷದ ಮಗುವಿನ ಜಗ್ಗಿದ ಕೈ ಸರಿಹೋಯಿತೆಂಬ ನಂಬಿಕೆಯ ಮೇಲೆ ಏಳು ವರ್ಷದ ಹುಡುಗನ ಮುರಿದ ಕೈಯನ್ನೂ ಅದೇ ಜಗಲಿಗೆ ಒಯ್ಯುತ್ತಾರೆ. ತೊಂದರೆ ಇರುವುದು ಅಲ್ಲಿ.

ಮುದ್ದೇಬಿಹಾಳ: ಹಸಿದಂಟು, ಒಣದಂಟು

ಸಿಂದಗಿಯಿಂದ ತಾಳಿಕೋಟೆಯ ಮೂಲಕ ಡೋಣಿ ದಾಟಿ ದಕ್ಷಿಣಕ್ಕೆ ಇಳಿದರೆ ಮುದ್ದೇಬಿಹಾಳ. 1565ರ ಮಹಾಯುದ್ಧದೊಂದಿಗೆ ಹೆಸರು ಸೇರಿಕೊಂಡಿರುವ ರಕ್ಕಸಗಿ, ತಂಗಡಗಿಗಳು ಇದೇ ಸೀಮೆಯ ಊರುಗಳು. ಹಿಂಗಾರಿ ಜೋಳ ತಲೆದೂಗುವ ಹೊತ್ತಿಗೆ ಎಳ್ಳಮಾವಾಸ್ಯೆ ಬರುತ್ತದೆ. ಚರಗ ಚೆಲ್ಲಲು ಬಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ದೊಡ್ಡವರು ಊಟಕ್ಕೆ ಕೂತರೆ ಹುಡುಗರು ಹುಣಸೆ ಮರ ಏರುತ್ತಾರೆ. ಬಿದ್ದವನು ಸಹಜವಾಗಿ ಕೈಚಾಚಿ ಬೀಳುತ್ತಾನೆ.

ಎದುರಿನ ಹೊಲದಲ್ಲೇ ಪಾಠವಿದೆ. ಒಣಗಿದ ಜೋಳದ ದಂಟನ್ನು ಬಾಗಿಸಿದರೆ ಲಟಕ್ಕನೆ ಎರಡು ತುಂಡಾಗುತ್ತದೆ. ಹಸಿದಂಟು ಹಾಗಲ್ಲ. ಒಂದು ಮಗ್ಗುಲು ಸೀಳಿ, ಇನ್ನೊಂದು ಮಗ್ಗುಲು ಬಾಗಿ ನಿಲ್ಲುತ್ತದೆ. ಮಕ್ಕಳ ಎಲುಬು ಹಸಿದಂಟು. ಅದರ ಮೇಲಿನ ಪೊರೆ ದಪ್ಪ, ರಕ್ತದ ಹರಿವು ಸಮೃದ್ಧ. ಆದ್ದರಿಂದಲೇ ಅದು ಬೇಗ ಕೂಡುತ್ತದೆ. ಮುಂಗೈಯ ಎಷ್ಟೋ ಮುರಿತಗಳು ನಾಲ್ಕರಿಂದ ಆರು ವಾರಗಳಲ್ಲಿ ಕೂಡಿಕೊಳ್ಳುತ್ತವೆ. ಯಾರು ಕಟ್ಟಿದರೂ ಕೂಡುತ್ತದೆ ಎಂಬ ಭ್ರಮೆ ಹುಟ್ಟುವುದೂ ಇಲ್ಲಿಂದಲೇ. ಆದರೆ ಮಕ್ಕಳ ಎಲುಬಿನ ತುದಿಯಲ್ಲಿ ದೊಡ್ಡವರಲ್ಲಿ ಇಲ್ಲದ ಒಂದು ಪದರವಿದೆ. ಎಲುಬು ಉದ್ದ ಬೆಳೆಯುವುದು ಆ ಮೃದ್ವಸ್ಥಿಯ ಪದರದಿಂದ. ಅದಕ್ಕೆ ಪೆಟ್ಟಾಗಿದ್ದು ಗೊತ್ತಾಗದೆ ಹೋದರೆ ಎಲುಬು ಕೂಡಿದರೂ ವರ್ಷಗಳು ಕಳೆದಂತೆ ಕೈ ಸೊಟ್ಟಗಾಗಬಹುದು. ಬೆರಳಿಗೆ ಎಷ್ಟೇ ಅನುಭವವಿದ್ದರೂ ಈ ಪದರ ಮುಟ್ಟಿ ತಿಳಿಯುವಂಥದಲ್ಲ. ಪ್ರೊಫೆಸರ್ ರೋಂಟ್‌ಜೆನ್ 1895ರಲ್ಲಿ ಕಂಡುಹಿಡಿದ ಕ್ಷ-ಕಿರಣವೇ ಬೇಕು.

ಮೊಣಕೈಯ ಮೇಲ್ಭಾಗದ ಮುರಿತ ಇನ್ನೂ ಗಂಭೀರ. ಐದರಿಂದ ಎಂಟು ವರ್ಷದವರಲ್ಲಿ ಇದು ಹೆಚ್ಚು. ಅದರ ಮಗ್ಗುಲಲ್ಲೇ ಕೈಗೆಲ್ಲ ರಕ್ತ ಒಯ್ಯುವ ಮುಖ್ಯ ಧಮನಿ, ನರಗಳು ಹಾದುಹೋಗಿವೆ. ಮುರಿದ ತುದಿ ಅವನ್ನು ಒತ್ತಬಹುದು. ಅದರ ಮೇಲೆ ಎಣ್ಣೆ ಹಚ್ಚಿ ತಿಕ್ಕಿ, ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಸವರಿದ ಬಟ್ಟೆಯನ್ನು ಬಿಗಿಯಾಗಿ ಸುತ್ತಿದರೆ ಏನಾದೀತು? ಪೆಟ್ಟಾದ ಕೈ ಬಾಯುತ್ತದೆ. ಒಣಗಿದ ಬಟ್ಟೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಸುಮಾರು ಆರು ಗಂಟೆ ಹೀಗೇ ಉಳಿದರೆ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಕುಗ್ಗಿ ಬೆರಳುಗಳನ್ನು ಹಕ್ಕಿಯ ಉಗುರಿನಂತೆ ಮಡಚಿಬಿಡುತ್ತದೆ. ಜರ್ಮನಿಯ ಶಸ್ತ್ರವೈದ್ಯ ವೋಕ್‌ಮನ್ 1881ರಲ್ಲಿ ವಿವರಿಸಿದ ಈ ಅಂಗವೈಕಲ್ಯಕ್ಕೆ ಇಂದಿಗೂ ಅವನದೇ ಹೆಸರು. ಬಂದ ಮೇಲೆ ಪೂರ್ಣ ಗುಣ ಕಷ್ಟ, ಬಾರದಂತೆ ತಡೆಯುವುದು ಮಾತ್ರ ಸುಲಭ. ಪೆನ್ಸಿಲ್ ಹಿಡಿಯಬೇಕಾದ ಕೈ ಒಂದು ರಾತ್ರಿಯಲ್ಲಿ ಹಾಳಾಗುವುದೆಂದರೆ ಸಣ್ಣ ಮಾತೇ?

ಇದು ಪರದೇಶದವರ ತಿಳಿವಳಿಕೆಯೆಂದು ತಳ್ಳಿಹಾಕುವಂತಿಲ್ಲ. ನಮ್ಮ ಸುಶ್ರುತ ಸಂಹಿತೆಯ ಮೂಳೆ ಮುರಿತದ ಅಧ್ಯಾಯದಲ್ಲಿ, ಕಟ್ಟು ಸಡಿಲವಾದರೆ ಸಂಧಿ ನಿಲ್ಲದು, ಅತಿ ಬಿಗಿಯಾದರೆ ಬಾವು, ನೋವು, ಕೀವು ಬರುತ್ತವೆ, ಆದ್ದರಿಂದ ಮಧ್ಯಮವಾಗಿ ಕಟ್ಟಬೇಕು ಎಂಬ ಎಚ್ಚರಿಕೆ ಸ್ಪಷ್ಟವಾಗಿದೆ. ಪರಂಪರೆಯ ಹೆಸರಿನಲ್ಲಿ ಬಿಗಿದು ಕಟ್ಟುವವರು ಪರಂಪರೆಯ ಮಾತನ್ನೇ ಮರೆತಿದ್ದಾರೆ ಎನ್ನಬೇಕು.

ಪಾಲಕರು ನೆನಪಿಡಬೇಕಾದ ಗುರುತುಗಳು ಕಷ್ಟದವಲ್ಲ. ಕಟ್ಟಿದ ಮೇಲೆ ನೋವು ಇಳಿಯುವ ಬದಲು ಏರುವುದು, ಬೆರಳನ್ನು ಮೆಲ್ಲಗೆ ನೇರ ಮಾಡಿದರೆ ಮಗು ಚೀರುವುದು, ಬೆರಳು ಬಾತು ಬಿಳಿಚುವುದು ಅಥವಾ ನೀಲಿಯಾಗುವುದು, ತಣ್ಣಗಾಗುವುದು, ಜೋಮು ಹಿಡಿಯುವುದು. ಒಂದು ಸಣ್ಣ ಪರೀಕ್ಷೆಯನ್ನು ಮಕ್ಕಳೂ ಮಾಡಬಹುದು. ಉಗುರನ್ನು ಒತ್ತಿದರೆ ಬಿಳಿಯಾಗುತ್ತದೆ. ಬಿಟ್ಟರೆ ಸುಮಾರು ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಮರಳದಿದ್ದರೆ ಆ ಕಟ್ಟು, ಅದು ಆಸ್ಪತ್ರೆಯ ಪ್ಲಾಸ್ಟರೇ ಆಗಿರಲಿ, ಬೆಳಗಿನವರೆಗೆ ಕಾಯಬಾರದು. ಕೂಡಲೇ ವೈದ್ಯರ ಬಳಿಗೆ ಓಡಬೇಕು. ಕೈ ಮುರಿದಿದೆ ಎಂಬ ಅನುಮಾನ ಬಂದರೆ ತಿಕ್ಕಬಾರದು, ಜಗ್ಗಬಾರದು. ಇದ್ದ ಸ್ಥಿತಿಯಲ್ಲೇ ಮಡಚಿದ ದಿನಪತ್ರಿಕೆಯನ್ನೋ ರಟ್ಟನ್ನೋ ಆಸರೆಯಾಗಿಟ್ಟು ಸಡಿಲವಾಗಿ ಕಟ್ಟಿ, ಕೊರಳಿಗೆ ಜೋಳಿಗೆ ಹಾಕಿ ಹೊರಡಬೇಕು. ಶಸ್ತ್ರಕ್ರಿಯೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ತಿನ್ನಿಸಬಾರದು.

ಆಸ್ಪತ್ರೆ ದೂರ, ವಸ್ತಾದ ಹತ್ತಿರ ಎಂಬುದು ನಿಜ. ಅವನು ರಾತ್ರಿಯೂ ಬಾಗಿಲು ತೆರೆಯುತ್ತಾನೆ, ಕೊಟ್ಟಷ್ಟು ತೆಗೆದುಕೊಳ್ಳುತ್ತಾನೆ, ಮಗುವಿನ ತಾತನ ಹೆಸರೂ ಅವನಿಗೆ ಗೊತ್ತು. ಆದರೆ ಇಂದು ತಾಲ್ಲೂಕು ಆಸ್ಪತ್ರೆಗಳಿವೆ, 2008ರಿಂದ 108 ಆಂಬುಲೆನ್ಸ್ ಇದೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯ ಜೊತೆಗೆ 1984ರಲ್ಲಿ ಆರಂಭವಾದ ಅಲ್-ಅಮೀನ್, 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳೂ ಇವೆ. ಆರು ಗಂಟೆಯೊಳಗೆ ಈ ದಾರಿ ಕ್ರಮಿಸಲು ಸಾಧ್ಯ, ಮೊದಲ ಗಂಟೆಗಳು ಜಗಲಿಯ ಮೇಲೆ ಕಳೆಯದಿದ್ದರೆ.

ಹೊರನಾಡಿನ ಎರಡು ಕೈಗಳು

ಕೈಗುಣ ಮತ್ತು ಓದು ಒಂದಾದರೆ ಏನಾಗಬಹುದು ಎಂಬುದಕ್ಕೆ ಹೊರನಾಡಿನ ಎರಡು ಉದಾಹರಣೆಗಳನ್ನು ನೋಡಬಹುದು.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಇವಾನ್ ಥಾಮಸ್ ಎಂಬ ಎಲುಬು ಕಟ್ಟುವವನಿದ್ದ. ವೇಲ್ಸ್ ನಾಡಿನ ಆಂಗ್ಲೆಸಿ ದ್ವೀಪದಿಂದ ಬಂದ ಅವನ ಮನೆತನದ ಕಸುಬೇ ಅದು. ಪದವಿಯಿಲ್ಲವೆಂದು ವೈದ್ಯರು ಅವನನ್ನು ಕೋರ್ಟಿಗೆಳೆದರು. ಅವನು ಜಗಳದಲ್ಲೇ ಕಾಲ ಕಳೆಯಲಿಲ್ಲ. ತನ್ನ ಐವರು ಗಂಡುಮಕ್ಕಳನ್ನೂ ವೈದ್ಯಕೀಯ ಓದಿಸಿದ. ಅವರಲ್ಲೊಬ್ಬ ಹ್ಯೂ ಓವೆನ್ ಥಾಮಸ್ (1834–1891). ತಂದೆಯ ಕೈಚಳಕ, ಕಾಲೇಜಿನ ಶರೀರಶಾಸ್ತ್ರ ಎರಡೂ ಅವನಲ್ಲಿ ಕೂಡಿದವು. ಅವನು ರೂಪಿಸಿದ 'ಥಾಮಸ್ ಸ್ಪ್ಲಿಂಟ್' ಎಂಬ ತೊಡೆಯ ಆಸರೆಯನ್ನು ಅವನ ಸಂಬಂಧಿ ರಾಬರ್ಟ್ ಜೋನ್ಸ್ ಮೊದಲ ಮಹಾಯುದ್ಧದ ಸೈನಿಕರಿಗೆ ಬಳಕೆಗೆ ತಂದಾಗ, ತೊಡೆಯ ಎಲುಬು ಮುರಿದವರ ಸಾವು ಬಹುವಾಗಿ ಇಳಿಯಿತು. ಅದೇ ಜೋನ್ಸ್, ಸ್ವತಃ ಅಂಗವಿಕಲೆಯಾಗಿದ್ದ ಆಗ್ನೆಸ್ ಹಂಟ್ ಎಂಬ ದಾದಿಯ ಜೊತೆಗೂಡಿ ಅಂಗವಿಕಲ ಮಕ್ಕಳ ಚಿಕಿತ್ಸಾಲಯವನ್ನು ಬೆಳೆಸಿದ. ಹಳ್ಳಿಯ ಜಗಲಿಯಿಂದ ಹೊರಟ ವಿದ್ಯೆ ಆಸ್ಪತ್ರೆ ತಲುಪಿದ್ದು ಹೀಗೆ.

ಇನ್ನೊಂದು ನಮ್ಮ ದೇಶದ್ದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ 1–2ರಿಂದ ಸೋತಿತು. ಬಹುಪಾಲು ಆಟಗಾರರು ಬರಿಗಾಲಿನವರು. ಭಾರತದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು ಎಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಆ ತಂಡದ ನಾಯಕ ನಾಗಾ ಬೆಟ್ಟಗಳ ತಾಲಿಮೆರೆನ್ ಆವೋ. ಮಗ ವೈದ್ಯನಾಗಬೇಕೆಂಬುದು ತೀರಿಕೊಂಡ ತಂದೆಯ ಆಸೆಯಾಗಿತ್ತು. ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ಪರ ಆಡುತ್ತಲೇ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಎಂ.ಬಿ.ಬಿ.ಎಸ್. ಮುಗಿಸಿದರು. ಆಟ ಬಿಟ್ಟ ಮೇಲೆ ತಮ್ಮ ನಾಡಿಗೆ ಮರಳಿ, ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರ ಹುದ್ದೆಯವರೆಗೆ ಸೇವೆ ಸಲ್ಲಿಸಿ 1978ರಲ್ಲಿ ನಿವೃತ್ತರಾದರು. ಆಟವಾಡಿದರೆ ಓದು ಕೆಡುತ್ತದೆ ಎನ್ನುವ ಪಾಲಕರು ಈ ಹೆಸರನ್ನು ನೆನಪಿನಲ್ಲಿಡಬೇಕು. ಆಟವೊಂದೇ ಸಾಕು ಎನ್ನುವ ಹುಡುಗರೂ ನೆನಪಿನಲ್ಲಿಡಬೇಕು.

ಬಸವನ ಬಾಗೇವಾಡಿ: ಕೈಗೆ ತಕ್ಕ ಕಾಯಕ

ಮುದ್ದೇಬಿಹಾಳದಿಂದ ವಾಯವ್ಯಕ್ಕೆ ಹೊರಳಿದರೆ ಬಸವನ ಬಾಗೇವಾಡಿ. ಕಾಯಕವನ್ನೇ ಪೂಜೆಯೆಂದು ಸಾರಿದ ಬಸವಣ್ಣನವರ ಜನ್ಮಸ್ಥಳ. ಶ್ರಾವಣದಲ್ಲಿ ಬಸವೇಶ್ವರನ ಜಾತ್ರೆ ನೆರೆದಾಗ ಸುತ್ತಲ ಹಳ್ಳಿಗಳ ರೈತರು, ಪೈಲ್ವಾನರು ಇಲ್ಲಿ ಕೂಡುತ್ತಾರೆ. ಹಳೆಯ ವಸ್ತಾದರು ಕಣದ ಅಂಚಿನಲ್ಲಿ ಕುಳಿತು ಹುಡುಗರ ಪಟ್ಟುಗಳನ್ನು ಅಳೆಯುತ್ತಾರೆ. ಈ ಕೈಗಳಿಗೆ ತಕ್ಕ ಕಾಯಕ ಯಾವುದು?

ಇದೆ, ಬೇಕಾದಷ್ಟಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಗುವಿನ ಮೊಣಕೈ ಬಿಗಿದಿರುತ್ತದೆ. ಆಗ ಬಲವಂತದಿಂದ ತಿಕ್ಕಿ ಮಡಚಿದರೆ ಸ್ನಾಯುವಿನೊಳಗೇ ಹೊಸ ಎಲುಬು ಬೆಳೆದು ಕೈ ಇನ್ನಷ್ಟು ಬಿಗಿಯಬಹುದು. ಮಗು ತಾನೇ ಆಡುತ್ತ, ಎತ್ತುತ್ತ, ಮಡಚುತ್ತ ಸಡಿಲಿಸಿಕೊಳ್ಳಬೇಕು. ಹುಡುಗರಿಗೆ ದಿನವೂ ಸಾಮು ಕಲಿಸುವ, ಅಳುವವನನ್ನು ನಗಿಸಿ ಮತ್ತೆ ಕಣಕ್ಕಿಳಿಸುವ ವಸ್ತಾದನಿಗಿಂತ ಇದಕ್ಕೆ ಯೋಗ್ಯರು ಯಾರು? ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿಸುವ ಕೆಲಸ ಅವನದಾಗಬೇಕು.

ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದ ಕೂಸುಗಳೂ ವಸ್ತಾದನ ಜಗಲಿಗೆ ಬರುತ್ತವೆ. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾ. ಪೊನ್ಸೆಟಿ (1914–2009) ಇದಕ್ಕೊಂದು ಮೃದುವಾದ ದಾರಿ ತೋರಿಸಿದರು. ವಾರಕ್ಕೊಮ್ಮೆ ಪಾದವನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಹಾಕುತ್ತ ಹೋದರೆ ಸಾಮಾನ್ಯವಾಗಿ ಐದಾರು ಪ್ಲಾಸ್ಟರುಗಳಲ್ಲಿ ಪಾದ ನೇರವಾಗುತ್ತದೆ. ಆಮೇಲೆ ಅನೇಕರಿಗೆ ಹಿಮ್ಮಡಿಯ ನರದಂಥ ಪಟ್ಟಿಯಲ್ಲಿ ಸಣ್ಣದೊಂದು ಕೊಯ್ತ, ಮುಂದೆ ನಾಲ್ಕೈದು ವರ್ಷದವರೆಗೆ ರಾತ್ರಿ ವಿಶೇಷ ಬೂಟು. ಇಲ್ಲಿ ಬೇಕಾದ್ದು ಬಲವಲ್ಲ, ತಾಳ್ಮೆ. ಕತ್ತು ನಿಲ್ಲದ, ಕಾಲು ಬಿಗಿದ ಮಗುವಿನ ತೊಂದರೆಯ ಮೂಲ ಮಿದುಳಿನಲ್ಲಿರಬಹುದು. ಅದಕ್ಕೆ ಎಷ್ಟು ಎಣ್ಣೆ ತಿಕ್ಕಿದರೂ ಸಾಲದು. ಬೇಗ ಆರಂಭಿಸಿದ ಫಿಸಿಯೋಥೆರಪಿ ಬೇಕು. ಕಾಲು ಬಿಲ್ಲಿನಂತೆ ಬಾಗಿದ್ದರೆ ವಿಟಮಿನ್ 'ಡಿ' ಕೊರತೆಯನ್ನೂ, ಜಿಲ್ಲೆಯ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿರುವ ಫ್ಲೋರೈಡನ್ನೂ ಪರೀಕ್ಷಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ವೈದ್ಯರ ತಂಡ ಅಂಗನವಾಡಿ, ಸರಕಾರಿ ಶಾಲೆಗಳಿಗೇ ಬರುತ್ತದೆ. ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯದೆ ಶಾಲೆಗೆ ಕಳಿಸಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಇಂದು ಗರಡಿಯಲ್ಲಿ ಬೆವರು ಸುರಿಸುತ್ತಿರುವ ಹುಡುಗರ ಮಾತು. ಅವರ ಮುಂದೆ ತಾತಂದಿರಿಗೆ ಇಲ್ಲದ ದಾರಿಗಳಿವೆ. ತರಬೇತುದಾರರಾಗಲು 1961ರಲ್ಲಿ ಸ್ಥಾಪನೆಯಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಫಿಸಿಯೋಥೆರಪಿ ಪದವಿ ಇದೆ. ಮೈಯ ವಿದ್ಯೆ ಬಲ್ಲವನು ಆ ಪದವಿಯನ್ನೂ ಪಡೆದು ತನ್ನ ತಾಲ್ಲೂಕಿಗೇ ಮರಳಿದರೆ, ಕುಂಟುವ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ದೂರದ ಶಹರಗಳಿಗೆ ಅಲೆಯುವುದು ತಪ್ಪುತ್ತದೆ.

ಅಲ್ಲಿಯವರೆಗೆ ಊರಿನ ವಸ್ತಾದನನ್ನು ಹೀಯಾಳಿಸಿ ಫಲವಿಲ್ಲ. ಅವನನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಮಗು ಬಿದ್ದು ಮೊಣಕೈ ಬಾತಿದ್ದರೆ 'ಇದು ನನ್ನ ಕೈಯದಲ್ಲ, ಮೊದಲು ಫೋಟೋ ತೆಗೆಸಿರಿ, ನಾನೂ ಬರುತ್ತೇನೆ' ಎಂದು ಅವನು ಹೇಳಿದರೆ ಊರು ಕೇಳುತ್ತದೆ. ವೈದ್ಯರ ಮಾತು ಕೇಳದ ಅಜ್ಜಂದಿರೂ ಅವನ ಮಾತು ಕೇಳುತ್ತಾರೆ. ಬರುವ ಜಾತ್ರೆಯಲ್ಲಿ ಕುಸ್ತಿಗೆ ಮೊದಲು ಹತ್ತು ನಿಮಿಷ ತಾಲ್ಲೂಕಿನ ವೈದ್ಯರೊಬ್ಬರು ಧ್ವನಿವರ್ಧಕದ ಮುಂದೆ ನಿಂತು ಆ ಆರು ಗಂಟೆಗಳ ಲೆಕ್ಕವನ್ನೂ ಉಗುರಿನ ಪರೀಕ್ಷೆಯನ್ನೂ ತಿಳಿಸಲಿ, ಪಕ್ಕದಲ್ಲಿ ಊರಿನ ವಸ್ತಾದ ನಿಂತಿರಲಿ. ಖರ್ಚಿಲ್ಲದ ಕೆಲಸ. ಈ ನಾಲ್ಕೂ ಊರುಗಳಲ್ಲಿ ಮಾಡಬಹುದಾದ ಕೆಲಸ.